ಎರಡು ವರ್ಷದ ಅಳಿಯ ಹೆಸರು ಕರೆದರೆ ತಿರುಗುವುದಿಲ್ಲ. ಮೂರು ತುಂಬುವವರೆಗೆ ಕಾಯಬೇಕಾ?

ಕದ್ರಿಯ ಮಾವ
ಎಲ್ಲರಿಗೂ ನಮಸ್ಕಾರ. ನಾನಿರುವುದು ಮಂಗಳೂರಲ್ಲಿ, ತಂಗಿಯ ಮನೆ ಕಾಪು. ಅವಳ ಮಗನಿಗೆ ಎರಡು ವರ್ಷ ಕಳೆದಿದೆ. ಒಂದೂವರೆ ವರ್ಷದ ಹೊತ್ತಿಗೆ ‘ಅಮ್ಮ’, ‘ಬಾ’, ‘ಚಾ’ ಅಂತೆಲ್ಲ ಹೇಳುತ್ತಿದ್ದ. ಈಗ ಅದೂ ಇಲ್ಲ. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಪಕ್ಕದ ಕೋಣೆಯಲ್ಲಿ ಬಿಸ್ಕತ್ತಿನ ಪ್ಯಾಕೆಟ್ ಬಿಚ್ಚಿದರೆ ಮಾತ್ರ ಓಡಿ ಬರುತ್ತಾನೆ. ಹಾಗಾಗಿ ಕಿವಿ ಸರಿ ಇದೆ ಅಂತ ಮನೆಯವರ ಲೆಕ್ಕ. ಸ್ಟೀಲ್ ಡಬ್ಬಿಯ ಮುಚ್ಚಳ ನೆಲದ ಮೇಲೆ ತಿರುಗಿಸುತ್ತಾ ಎಷ್ಟು ಹೊತ್ತು ಬೇಕಾದರೂ ಕೂರುತ್ತಾನೆ. ಏನಾದರೂ ಬೇಕಿದ್ದರೆ ಬೆರಳು ತೋರಿಸುವುದಿಲ್ಲ. ತಂಗಿಯ ಕೈ ಹಿಡಿದು ಎಳೆದುಕೊಂಡು ಹೋಗಿ, ಅವಳ ಕೈಯನ್ನು ಫ್ರಿಜ್ಜಿನ ಹಿಡಿಕೆಯ ಮೇಲೆ ಇಡುತ್ತಾನೆ.

ಭಾವ ಕುವೈತಿನಲ್ಲಿ. ತಂಗಿಯ ಅತ್ತೆ ದಿನಾ ಬೆಳಿಗ್ಗೆ ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರೆ. ಕಟೀಲಿಗೆ ಹರಕೆಯೂ ಆಗಿದೆ. ತೋರಿಸಿದ ಡಾಕ್ಟರು ‘ಗಂಡು ಮಗು ಅಲ್ವಾ, ಮೂರು ತುಂಬಲಿ, ಆಮೇಲೆ ನೋಡುವ’ ಅಂದರಂತೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಆಟಿಸಂ, ಅಂದರೆ ಮಾತು ಮತ್ತು ಜನರ ಜೊತೆ ಬೆರೆಯುವುದು ಬೇರೆ ರೀತಿ ಬೆಳೆಯುವ ಸ್ಥಿತಿ, ಇರಬಹುದಾ ಅಂತ ಕೇಳಲಿಕ್ಕೂ ಮನೆಯಲ್ಲಿ ಧೈರ್ಯ ಸಾಲುವುದಿಲ್ಲ. ಕಾಯುವುದು ಸರಿಯಾ? ತಿಳಿದವರು ಹೇಳಿ.

ಪಡುಬಿದ್ರಿ ಪ್ರಭಾಕರ
ಸುಮ್ನೆ ಹೆದರಬೇಡಿ ಮಾರಾಯ್ರೆ. ನನ್ನ ಅಣ್ಣನ ಮಗ ಮೂರೂವರೆಗೆ ಬಾಯಿ ಬಿಟ್ಟದ್ದು. ಈಗ ಬಾಯಿ ಮುಚ್ಚಿಸುವುದೇ ಕಷ್ಟ. ನಮ್ಮ ಕಡೆ ಗಂಡು ಮಕ್ಕಳು ತಡ.

ಸ್ಪೀಚ್ ಥೆರಪಿಸ್ಟ್, ಮಣಿಪಾಲ
ಪ್ರಭಾಕರಣ್ಣ, ನಿಮ್ಮ ಅಣ್ಣನ ಮಗ ಮಾತಾಡದಿದ್ದಾಗಲೂ ಬೆರಳು ತೋರಿಸುತ್ತಿದ್ದನಾ? ಕಾಗೆ ಕಂಡರೆ ಕಾಗೆಯನ್ನೂ ನೋಡಿ, ಅಮ್ಮನ ಮುಖವನ್ನೂ ನೋಡಿ ನಗುತ್ತಿದ್ದನಾ? ಟಾಟಾ ಮಾಡುತ್ತಿದ್ದನಾ? ಹೇಳಿದ್ದು ಅರ್ಥ ಆಗುತ್ತಿತ್ತಾ? ಇದೆಲ್ಲ ಇದ್ದು ಮಾತು ಮಾತ್ರ ತಡವಾದ ಮಕ್ಕಳು ಬೇರೆ. ಇಲ್ಲಿ ಹೇಳಿರುವ ಮಗು ಬೇರೆ.

ಮಾವನವರೇ, ನೀವು ಬರೆದದ್ದರಲ್ಲಿ ನನಗೆ ತುಂಬ ಮುಖ್ಯ ಅನಿಸಿದ್ದು ಒಂದು: ಇದ್ದ ಮಾತು ಹೋಗಿದೆ. ಯಾವ ವಯಸ್ಸಿನಲ್ಲೇ ಆಗಲಿ, ಬಂದ ಮಾತು ನಿಂತರೆ ಕಾಯುವ ಪ್ರಶ್ನೆಯೇ ಇಲ್ಲ. ಅದರ ಜೊತೆಗೆ ಒಂದು ವರ್ಷಕ್ಕೆ ಹೆಸರಿಗೆ ತಿರುಗದಿರುವುದು, ಹದಿನಾರು ತಿಂಗಳಿಗೆ ಒಂದೂ ಪದ ಇಲ್ಲದಿರುವುದು, ಎರಡು ವರ್ಷಕ್ಕೆ ಎರಡು ಪದ ಜೋಡಿಸದಿರುವುದು, ಇವೆಲ್ಲ ತಪಾಸಣೆ ಮಾಡಿಸಬೇಕಾದ ಗುರುತುಗಳು. ಇದರಿಂದಲೇ ಆಟಿಸಂ ಅಂತ ನಾನು ಹೇಳುವುದಿಲ್ಲ. ಮಗುವನ್ನು ನೋಡದೆ ಯಾರೂ ಹೇಳಬಾರದು.

ಮೊದಲು ಕಿವಿಯ ಪರೀಕ್ಷೆ. ಪ್ಯಾಕೆಟ್ ಶಬ್ದ ಕೇಳುತ್ತದೆ ಅಂದರೆ ಮಾತಿನ ಎಲ್ಲ ಸದ್ದೂ ಕೇಳುತ್ತದೆ ಅಂತ ಅಲ್ಲ. ಓಎಇ ಮತ್ತು ಬೆರಾ ಅಂತ ಎರಡು ಪರೀಕ್ಷೆ ಇವೆ, ಮಗು ನಿದ್ದೆಯಲ್ಲಿದ್ದಾಗ ಮಾಡುತ್ತಾರೆ, ನೋವಿಲ್ಲ. ಆಮೇಲೆ ಮಕ್ಕಳ ಬೆಳವಣಿಗೆ ನೋಡುವ ಡಾಕ್ಟರು. ಆಟಿಸಂನ ಗುರುತು ಇದೆಯಾ ಅಂತ ಮೊದಲು ನೋಡಲಿಕ್ಕೆ ಎಂ-ಚಾಟ್ ಅನ್ನುವ 20 ಪ್ರಶ್ನೆಗಳ ಪಟ್ಟಿ ಇದೆ. ಅದು 16ರಿಂದ 30 ತಿಂಗಳ ಮಕ್ಕಳಿಗೇ ಮಾಡಿದ್ದು. ನಿಮ್ಮ ಅಳಿಯ ಆ ವಯಸ್ಸಿನಲ್ಲೇ ಇದ್ದಾನೆ. ಮೂರು ತುಂಬಿದರೆ ಅದು ದಾಟಿ ಹೋಗುತ್ತದೆ.

ಬಂಟ್ವಾಳದ ಅಮ್ಮ
ಮೇಡಂ ಹೇಳಿದ್ದು ನೂರಕ್ಕೆ ನೂರು ಸತ್ಯ. ನನ್ನ ಮಗನಿಗೂ ಹೀಗೇ ಇತ್ತು, ಕೈ ಎಳೆಯುವುದು, ತಿರುಗಿಸುವುದು, ಎಲ್ಲ. ಎರಡು ವರ್ಷಕ್ಕೇ ಥೆರಪಿ ಶುರು ಮಾಡಿದೆವು. ಆಗ ಆಟಿಸಂ ಅಂತ ಯಾರೂ ಬರೆದು ಕೊಟ್ಟಿರಲಿಲ್ಲ. ‘ಹೆಸರು ಆಮೇಲೆ ಇಡುವ, ಕೆಲಸ ಇವತ್ತೇ ಶುರು ಮಾಡುವ’ ಅಂದರು ನಮ್ಮ ಡಾಕ್ಟರು. ಆ ಮಾತಿಗೆ ನಾನು ಇವತ್ತಿಗೂ ಋಣಿ. ಈಗ ಒಂದನೇ ಕ್ಲಾಸ್. ಪೂರ್ತಿ ವಾಕ್ಯ ಬರುವುದಿಲ್ಲ. ಆದರೆ ಹಸಿವಾದರೆ, ಹೊಟ್ಟೆ ನೋವಾದರೆ, ಹೆದರಿಕೆ ಆದರೆ ಹೇಳುತ್ತಾನೆ. ಮೊದಲು ಇದೆಲ್ಲದಕ್ಕೂ ತಲೆ ಗೋಡೆಗೆ ಚಚ್ಚಿಕೊಳ್ಳುತ್ತಿದ್ದ.

ಪಡುಬಿದ್ರಿ ಪ್ರಭಾಕರ
ಬೆರಳು ತೋರಿಸುತ್ತಿದ್ದ, ನಿಜ. ಎಲ್ಲ ಅರ್ಥ ಆಗುತ್ತಿತ್ತು. ಸರಿ, ಇದು ಬೇರೆ ಅಂತ ಒಪ್ಪುತ್ತೇನೆ. ಆದರೂ ಎರಡು ವರ್ಷದ ಮಗುವಿಗೆ ಆಗಲೇ ಹಣೆಪಟ್ಟಿ ಕಟ್ಟಬೇಕಾ? ನಾಳೆ ಶಾಲೆಯಲ್ಲಿ ಸೀಟು ಕೊಡ್ತಾರಾ?

ಸುರತ್ಕಲ್ ಲಾಯರ್
ಕೊಡಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಸೇರಿದೆ. ಸರ್ಕಾರಿ, ಅನುದಾನಿತ ಅಥವಾ ಸರ್ಕಾರದ ಮಾನ್ಯತೆ ಇರುವ ಶಾಲೆಗಳು ತಾರತಮ್ಯ ಮಾಡದೆ ಸೇರಿಸಿಕೊಳ್ಳಬೇಕು ಅಂತ ಕಾನೂನು. ನಡೆಯುವುದು ಬೇರೆ, ಅದಕ್ಕೆ ಜಗಳ ಆಡಬೇಕಾಗುತ್ತದೆ. ಆದರೆ ಕೈಯಲ್ಲಿ ಕಾಗದ ಇಲ್ಲದೆ ಜಗಳ ಆಡುವುದು ಇನ್ನೂ ಕಷ್ಟ. ಹಣೆಪಟ್ಟಿ ಅಂತ ನೀವು ಹೇಳುವುದೇ ಮಗುವಿಗೆ ರಕ್ಷಣೆ.

ಕುಂದಾಪ್ರದ ಅಪ್ಪ
ನಿಮಗೆ ಮಂಗಳೂರು, ಮಣಿಪಾಲ ಹತ್ತಿರ. ಫಾದರ್ ಮುಲ್ಲರ್, ಕೆಎಂಸಿ, ಎಂ.ವಿ. ಶೆಟ್ಟಿ ಅಂತ ಸ್ಪೀಚ್ ಕಾಲೇಜುಗಳೇ ಅಲ್ಲಿವೆ. ನಮ್ಮ ಕಡೆಯಿಂದ ವಾರಕ್ಕೆ ಎರಡು ಸಲ ಬಸ್ಸಿನಲ್ಲಿ ಮಗು ಕಟ್ಟಿಕೊಂಡು ಹೋಗಿ ಬರುವುದೇ ಒಂದು ಯುದ್ಧ. ಬಸ್ಸಿನ ಹಾರ್ನ್ ಕೇಳಿದರೆ ನನ್ನ ಮಗಳು ಎರಡೂ ಕಿವಿ ಮುಚ್ಚಿ ಸೀಟಿನ ಕೆಳಗೆ ಇಳಿಯುತ್ತಾಳೆ. ಮುಕ್ಕಾಲು ಗಂಟೆಯ ಸೆಷನ್ನಿಗೆ ಅರ್ಧ ದಿನದ ಕೂಲಿ ಹೋಗುತ್ತದೆ. ಬೇಗ ಶುರು ಮಾಡಿ ಅಂತ ಹೇಳುವುದು ಸುಲಭ, ಎಲ್ಲರ ಕೈಗೆ ಎಟುಕುವುದಿಲ್ಲ.

ಅಂಗನವಾಡಿ ಟೀಚರ್, ಬ್ರಹ್ಮಾವರ
ಅಣ್ಣ, ಆರ್‌ಬಿಎಸ್‌ಕೆ ಅಂತ ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ ಇದೆ, ಅದರ ತಂಡದವರು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. 2013ರಲ್ಲಿ ಶುರುವಾದ ಯೋಜನೆ. ಹುಟ್ಟಿದಲ್ಲಿಂದ 18 ವರ್ಷದವರೆಗೆ. ಬೆಳವಣಿಗೆ ಹಿಂದೆ ಬಿದ್ದ ಮಕ್ಕಳನ್ನು ಜಿಲ್ಲಾ ಮಟ್ಟದ ಆರಂಭಿಕ ಚಿಕಿತ್ಸಾ ಕೇಂದ್ರಕ್ಕೆ ಕಳಿಸುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಆ ಕೇಂದ್ರಕ್ಕೆ ಡಿಇಐಸಿ ಅಂತಾರೆ. ತುಂಬ ಜನರಿಗೆ ಇದು ಗೊತ್ತೇ ಇಲ್ಲ. ಮಗು ಅಂಗನವಾಡಿಗೆ ಬರದೇ ಇದ್ದರೂ ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿ.

ಒಂದು ಮಾತು ಹೇಳಲೇಬೇಕು. ತಂಡ ಬರುವ ದಿನ ಸಂಶಯ ಇರುವ ಮಗುವನ್ನೇ ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ. ‘ಅವನು ಯಾರ ಹತ್ತಿರವೂ ಬರುವುದಿಲ್ಲ ಟೀಚರ್, ಸುಮ್ನೆ ಯಾಕೆ’ ಅಂತ. ಅದೇ ಮಗುವನ್ನು ತೋರಿಸಬೇಕಾದದ್ದು!

ಕುಂದಾಪ್ರದ ಅಪ್ಪ
ಆಶಾ ಅಕ್ಕನ ಹತ್ತಿರ ನಾಳೆಯೇ ಕೇಳುತ್ತೇನೆ. ಉಪಕಾರ ಆಯ್ತು ಟೀಚರ್.

ದೇರಳಕಟ್ಟೆ ಸ್ಟೂಡೆಂಟ್
ಕುಂದಾಪುರದ ಅಣ್ಣನಿಗೆ ಒಂದು ವಿಷಯ. ಹತ್ತಿರದ ಗೋವಾದಲ್ಲಿ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಸೇರಿ ಒಂದು ಅಧ್ಯಯನ ಆಗಿದೆ, ಫಲಿತಾಂಶ ಬಂದದ್ದು 2016ರಲ್ಲಿ. 65 ಮಕ್ಕಳು. ತಜ್ಞರ ಬದಲು ತರಬೇತಿ ಕೊಟ್ಟ ಸಾಮಾನ್ಯ ಕಾರ್ಯಕರ್ತರೇ ಪೋಷಕರಿಗೆ ಕಲಿಸಿದ್ದು. ಪೋಷಕರು ಮಗುವಿನ ಜೊತೆ ಆಡುವುದನ್ನು ವಿಡಿಯೋ ಮಾಡಿ, ಅದನ್ನೇ ಕೂತು ನೋಡಿ, ಎಲ್ಲಿ ಮಗು ಸ್ಪಂದಿಸಿತು ಅಂತ ಮಾತಾಡುತ್ತಿದ್ದರು. ಎರಡು ವಾರಕ್ಕೊಮ್ಮೆ, ಆರು ತಿಂಗಳು. ಪೋಷಕರು ಮಗುವಿಗೆ ಸ್ಪಂದಿಸುವ ರೀತಿ ಸುಧಾರಿಸಿತು, ಮಕ್ಕಳು ತಾವಾಗಿಯೇ ಸಂಪರ್ಕ ಶುರು ಮಾಡುವುದೂ ಹೆಚ್ಚಾಯಿತು. ಎಲ್ಲದರಲ್ಲೂ ಸುಧಾರಣೆ ಆಗಲಿಲ್ಲ, ಅದೂ ನಿಜ. ಆದರೆ ಮನೆಯಲ್ಲಿ ಅಪ್ಪ ಅಮ್ಮ ಮಾಡುವುದಕ್ಕೆ ಬೆಲೆ ಇದೆ ಅಂತ ಗಟ್ಟಿಯಾಗಿ ಹೇಳಬಹುದು.

ಕದ್ರಿಯ ಮಾವ
ಇಷ್ಟು ಜನ ಇಷ್ಟು ಬೇಗ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಮನೆಯಲ್ಲಿ ಮಾಡುವುದು ಅಂದರೆ ಏನು ಮಾಡುವುದು? ಥೆರಪಿಸ್ಟ್ ಮೇಡಂ, ಒಂದು ಉದಾಹರಣೆ ಹೇಳಬಹುದಾ?

ಸ್ಪೀಚ್ ಥೆರಪಿಸ್ಟ್, ಮಣಿಪಾಲ
ಸ್ನಾನ ತೆಗೆದುಕೊಳ್ಳಿ. ಹೆಚ್ಚಿನ ಮಕ್ಕಳಿಗೆ ನೀರು ಇಷ್ಟ. ಬಚ್ಚಲಲ್ಲಿ ಮಗುವಿನ ಎದುರು, ಅವನ ಕಣ್ಣಿನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂರಬೇಕು. ಚೊಂಬಿನಲ್ಲಿ ನೀರು ಎತ್ತಿ ‘ನೀರು… ಬಂತು!’ ಅಂತ ಹೇಳಿ ಹೊಟ್ಟೆಯ ಮೇಲೆ ಹೊಯ್ಯಿರಿ. ಮತ್ತೊಮ್ಮೆ ಹಾಗೇ. ಮೂರನೇ ಸಲ ಚೊಂಬು ಎತ್ತಿ ‘ನೀರು…’ ಅಂತ ಹೇಳಿ ನಿಲ್ಲಿಸಿ. ಹೊಯ್ಯಬೇಡಿ. ಮಾತಾಡಬೇಡಿ. ಮುಖದಲ್ಲಿ ನಗು ಇರಲಿ, ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ಈ ಸುಮ್ಮನಿರುವುದೇ ಎಲ್ಲಕ್ಕಿಂತ ಕಷ್ಟ, ನಾವು ದೊಡ್ಡವರು ಕೂಡಲೇ ಹೊಯ್ದು ಬಿಡುತ್ತೇವೆ. ಮಗು ಕೈ ಆಡಿಸಬಹುದು, ಚೊಂಬು ಮುಟ್ಟಬಹುದು, ‘ಆ’ ಅನ್ನಬಹುದು, ಅರೆಗಳಿಗೆ ನಿಮ್ಮ ಮುಖ ನೋಡಬಹುದು. ಯಾವುದು ಬಂದರೂ ತಕ್ಷಣ ‘ಬಂತು!’ ಅಂತ ಹೊಯ್ಯಿರಿ. ಏನೂ ಬರದಿದ್ದರೂ ಹೊಯ್ಯಿರಿ, ಅಳಿಸಬೇಡಿ. ನಾಳೆ ಮತ್ತೆ.

ನಾನು ಏನಾದರೂ ಮಾಡಿದರೆ ಎದುರಿನವರು ಏನೋ ಮಾಡುತ್ತಾರೆ ಅಂತ ಮಗುವಿಗೆ ಗೊತ್ತಾಗುವುದು ಹೀಗೆ. ಮಾತು ಬರುವುದು ಅದರ ಮೇಲೆ. ಇದೇ ಆಟವನ್ನು ಉಯ್ಯಾಲೆಯಲ್ಲಿ ಮಾಡಬಹುದು, ದೋಸೆ ತುಂಡು ಕೊಡುವಾಗ ಮಾಡಬಹುದು. ಮೊದಲ ಕೆಲವು ವರ್ಷಗಳಲ್ಲಿ ಮಿದುಳು ತುಂಬ ವೇಗವಾಗಿ ಬೆಳೆಯುತ್ತದೆ, ಹೊಸ ಜೋಡಣೆಗಳು ಆಗ ಸುಲಭವಾಗಿ ಆಗುತ್ತವೆ. ಆ ಹೊತ್ತಿನಲ್ಲಿ ದಿನವಿಡೀ ಮಗು ಮುಚ್ಚಳ ಒಂದನ್ನೇ ನೋಡುತ್ತಾ ಇದ್ದರೆ, ಜನರಿಂದ ಕಲಿಯುವ ಅವಕಾಶ ದಿನಾ ಕೈತಪ್ಪುತ್ತದೆ. ಬೇಗ ಅಂತ ನಾವು ಹಟ ಹಿಡಿಯುವುದು ಇದಕ್ಕೇ.

ಬಿಜೈ ಬಾಲು
ಎಲ್ಲ ಮೊಬೈಲ್ ಮಾಡಿದ ಕೆಲಸ. ಊಟ ಮಾಡಿಸಲಿಕ್ಕೆ ಮೊಬೈಲ್, ಮಲಗಿಸಲಿಕ್ಕೆ ಮೊಬೈಲ್. ಅದು ಕಿತ್ತು ಬಿಸಾಡಿ, ಆಟಿಸಂ ತನ್ನಿಂದ ತಾನೇ ಹೋಗುತ್ತದೆ. ವರ್ಚುವಲ್ ಆಟಿಸಂ ಅಂತ ಹೆಸರೇ ಇದೆ.

ಬಂಟ್ವಾಳದ ಅಮ್ಮ
ನಮ್ಮ ಮನೆಯಲ್ಲಿ ಆಗ ಟಿವಿಯೂ ಇರಲಿಲ್ಲ. ಇದನ್ನು ಕೇಳಿ ಕೇಳಿ ಸಾಕಾಗಿದೆ. ದಯವಿಟ್ಟು ಅಮ್ಮಂದಿರ ಮೇಲೆ ಹಾಕಬೇಡಿ.

ಮಕ್ಕಳ ಡಾಕ್ಟರ್ (ನಿವೃತ್ತ), ಉಡುಪಿ
ಬಾಲು, ಮೊಬೈಲಿನಿಂದ ಆಟಿಸಂ ಬರುವುದಿಲ್ಲ. ವರ್ಚುವಲ್ ಆಟಿಸಂ ಅನ್ನುವುದು ವೈದ್ಯಕೀಯದಲ್ಲಿ ಒಪ್ಪಿದ ರೋಗನಿರ್ಣಯ ಅಲ್ಲ. ಆಟಿಸಂ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ಅದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು. ತಾಯಿ ಹೇಗೆ ಸಾಕಿದಳು ಅನ್ನುವುದು ಕಾರಣ ಅಲ್ಲವೇ ಅಲ್ಲ.

ಆದರೆ ಸ್ಕ್ರೀನ್ ಜಾಸ್ತಿಯಾದರೆ ಯಾವ ಮಗುವಿಗೂ ಮಾತು ತಡವಾಗಬಹುದು. ಎರಡು ವರ್ಷದ ಒಳಗೆ ಬೇಡವೇ ಬೇಡ, ಐದರವರೆಗೆ ದಿನಕ್ಕೆ ಒಂದು ಗಂಟೆ ದಾಟಬಾರದು ಅಂತ ಭಾರತೀಯ ಮಕ್ಕಳ ತಜ್ಞರ ಸಂಘ ಹೇಳುತ್ತದೆ. ಹಾಗಾಗಿ ಮೊಬೈಲ್ ಕಡಿಮೆ ಮಾಡಿ, ಒಳ್ಳೆಯದೇ. ‘ಮೊದಲು ಮೊಬೈಲ್ ಬಿಡಿಸಿ ಆರು ತಿಂಗಳು ನೋಡುವ’ ಅಂತ ತಪಾಸಣೆ ಮುಂದೂಡಬೇಡಿ. ಎರಡನ್ನೂ ಒಟ್ಟಿಗೆ ಮಾಡಿ. ಅನುಭವ ಇರುವವರು ಎರಡು ವರ್ಷಕ್ಕೇ ಆಟಿಸಂ ಇದೆಯೋ ಇಲ್ಲವೋ ನಂಬುವ ಹಾಗೆ ಹೇಳಬಲ್ಲರು. ಮೂರು ತುಂಬಲಿ ಅನ್ನುವ ಸಲಹೆ ಹಳೆಯ ಕಾಲದ್ದು, ಅದು ಬಿಡಬೇಕು.

ತೊಕ್ಕೊಟ್ಟು 575
ಒಂದೂವರೆ ವರ್ಷದ ಇಂಜೆಕ್ಷನ್ ಆದ ಮೇಲೆ ಮಾತು ಹೋಯಿತು ಅಂತ ನಮ್ಮ ಗುರ್ತದವರು ಹೇಳ್ತಾರೆ. ಇದನ್ನು ಯಾಕೆ ಯಾರೂ ಮಾತಾಡುವುದಿಲ್ಲ?

ಮಕ್ಕಳ ಡಾಕ್ಟರ್ (ನಿವೃತ್ತ), ಉಡುಪಿ
ಮಾತಾಡಿ ಆಗಿದೆ. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಅನ್ನುವವರು ದಡಾರ ಮುಂತಾದವನ್ನು ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ಗಂಟು ಹಾಕಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 2010ರಲ್ಲಿ ಪತ್ರಿಕೆ ಆ ಲೇಖನವನ್ನೇ ಹಿಂದಕ್ಕೆ ತೆಗೆದುಕೊಂಡಿತು, ಬ್ರಿಟನ್ನಿನಲ್ಲಿ ಅವರ ಹೆಸರನ್ನು ವೈದ್ಯರ ಪಟ್ಟಿಯಿಂದ ತೆಗೆದು ಹಾಕಿದರು. ಆಮೇಲೆ ಲಕ್ಷಗಟ್ಟಲೆ ಮಕ್ಕಳನ್ನು ನೋಡಿದ ಅಧ್ಯಯನಗಳಲ್ಲಿ ಸಂಬಂಧ ಸಿಗಲಿಲ್ಲ. ಒಂದೂವರೆ ವರ್ಷಕ್ಕೆ ಲಸಿಕೆ ಬರುತ್ತದೆ, ಆಟಿಸಂನ ಗುರುತು ಎದ್ದು ಕಾಣುವುದೂ ಆ ಹೊತ್ತಿಗೇ, ಹಾಗಾಗಿ ಒಂದರಿಂದ ಇನ್ನೊಂದು ಬಂತು ಅಂತ ಅನಿಸುತ್ತದೆ ಅಷ್ಟೇ. ಲಸಿಕೆ ತಪ್ಪಿಸಬೇಡಿ. ದಡಾರ ಬಂದರೆ ತಮಾಷೆ ಅಲ್ಲ.

ಮುಲ್ಕಿ ಮಲ್ಲಿಗೆ
ನನ್ನದು ಬೇರೆ ಪ್ರಶ್ನೆ. ನಮ್ಮ ಮನೆಯಲ್ಲಿ ತುಳು, ಗಂಡನ ಮನೆಯಲ್ಲಿ ಕೊಂಕಣಿ, ಪ್ಲೇ ಸ್ಕೂಲಿನಲ್ಲಿ ಇಂಗ್ಲಿಷ್. ಮಗಳಿಗೆ ಆಟಿಸಂ ಅಂತ ಗೊತ್ತಾದ ಮೇಲೆ ಒಂದು ಕಡೆ ‘ಮನೆಯಲ್ಲೂ ಇಂಗ್ಲಿಷ್ ಒಂದೇ ಮಾತಾಡಿ, ಇಲ್ಲದಿದ್ದರೆ ಮಗು ಗೊಂದಲ ಆಗುತ್ತದೆ’ ಅಂದರು. ನನ್ನ ಅಮ್ಮನಿಗೆ ತುಳು ಬಿಟ್ಟರೆ ಬೇರೆ ಬರುವುದಿಲ್ಲ. ಅವರು ಮೊಮ್ಮಗಳ ಹತ್ತಿರ ಮಾತಾಡುವುದನ್ನೇ ನಿಲ್ಲಿಸಿದ್ದಾರೆ. ನೋಡಲಿಕ್ಕೆ ಆಗುವುದಿಲ್ಲ.

ಸ್ಪೀಚ್ ಥೆರಪಿಸ್ಟ್, ಮಣಿಪಾಲ
ಅಯ್ಯೋ, ಇವತ್ತೇ ಅಮ್ಮನಿಗೆ ಹೇಳಿ, ತುಳುವಿನಲ್ಲೇ ಮಾತಾಡಲಿ. ಎರಡು ಮೂರು ಭಾಷೆ ಕೇಳುವುದರಿಂದ ಆಟಿಸಂ ಇರುವ ಮಕ್ಕಳಿಗೆ ತೊಂದರೆ ಆಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಬಂದಷ್ಟು ಇಂಗ್ಲಿಷಿನಲ್ಲಿ ‘ಕಮ್, ಸಿಟ್, ಈಟ್’ ಅಂತ ಅಪ್ಪಣೆ ಮಾಡುವುದಕ್ಕಿಂತ, ಅಜ್ಜಿ ತುಳುವಿನಲ್ಲಿ ಕತೆ ಹೇಳಿ ಮುದ್ದು ಮಾಡಿ ಆಡಿಸುವುದು ಎಷ್ಟೋ ಒಳ್ಳೆಯದು.

ಮುಲ್ಕಿ ಮಲ್ಲಿಗೆ
ಓದಿ ಅಮ್ಮನಿಗೆ ಫೋನ್ ಮಾಡಿದೆ. ಅತ್ತುಬಿಟ್ಟರು.

ಕಾರ್ಕಳ ಕಿಟ್ಟಣ್ಣ
ನಮ್ಮ ಊರಿನ ಜಾತ್ರೆಯಲ್ಲಿ ಗರ್ನಾಲು ಸಿಡಿಮದ್ದು ಹೊಡೆಯುವುದನ್ನು ಸ್ವಲ್ಪ ಕಮ್ಮಿ ಮಾಡಿದರೆ ಇಂಥ ಮಕ್ಕಳ ಮನೆಯವರೂ ತೇರಿಗೆ ಬರಬಹುದು. ಅಕ್ಕನ ಮಗನನ್ನು ನಾವು ಬೆಳಿಗ್ಗೆಯೇ ಕರೆದುಕೊಂಡು ಹೋಗಿ ಖಾಲಿ ರಥ ತೋರಿಸಿ ಬರುತ್ತೇವೆ. ಅವನಿಗೆ ಚಕ್ರ ಅಂದರೆ ಪ್ರಾಣ.

ಬಂಟ್ವಾಳದ ಅಮ್ಮ
ಒಳ್ಳೆ ಉಪಾಯ ಕಿಟ್ಟಣ್ಣ. ನಾವು ಯಕ್ಷಗಾನಕ್ಕೆ ಹೋದರೆ ಚೆಂಡೆಯಿಂದ ದೂರ, ಹಿಂದೆ ಕಡಲೆ ಮಾರುವವರ ಹತ್ತಿರ ಕೂರುತ್ತೇವೆ. ಕಿವಿ ಮುಚ್ಚುವ ಹೆಡ್‌ಫೋನ್ ಸಿಗುತ್ತದೆ, ಅದೂ ಆಗುತ್ತದೆ.

ಹಂಪನಕಟ್ಟೆ ಹರೀಶ
ನನ್ನ ಪರಿಚಯದವರು ಬೇರೆ ರಾಜ್ಯಕ್ಕೆ ಹೋಗಿ ಮಗುವಿಗೆ ಸ್ಟೆಮ್ ಸೆಲ್ ಅಂತ, ಕಾಂಡಕೋಶಗಳನ್ನು ಮೈಗೆ ಹಾಕುವ ಚಿಕಿತ್ಸೆ, ಮಾಡಿಸಿಕೊಂಡು ಬಂದಿದ್ದಾರೆ. ಚಿಕ್ಕ ವಯಸ್ಸಿನಲ್ಲೇ ಮಾಡಿದರೆ ಪೂರ್ತಿ ಗುಣ ಆಗುತ್ತದಂತೆ. ಬೇಗ ಅಂದರೆ ಇದೂ ಬೇಗ ಆಗಬೇಕಲ್ವಾ?

ಸುರತ್ಕಲ್ ಲಾಯರ್
ಬೇಡ! 2022ರಲ್ಲೇ ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಶಿಫಾರಸು ಮಾಡಲಾಗದು, ಅದನ್ನು ಮಾಡುವುದು, ಪ್ರಚಾರ ಮಾಡುವುದು ವೃತ್ತಿ ದುರ್ನಡತೆ ಅಂತ ಹೇಳಿದೆ. ಗದ್ದೆ ಅಡವಿಟ್ಟು ಹೋಗುವವರನ್ನು ನೋಡಿದರೆ ಸಂಕಟ ಆಗುತ್ತದೆ.

ವಿಶೇಷ ಶಿಕ್ಷಕಿ, ಮಂಗಳೂರು
ಹರೀಶಣ್ಣ, ‘ಪೂರ್ತಿ ಗುಣ’ ಅಂತ ಯಾರು ಹೇಳಿದರೂ ಅಲ್ಲಿಂದ ಎದ್ದು ಬನ್ನಿ. ಆಟಿಸಂ ಜ್ವರ ಅಲ್ಲ. ಬೇಗ ಶುರು ಮಾಡುವುದು ಮಗುವನ್ನು ಬೇರೆ ಮಕ್ಕಳ ಹಾಗೆ ಮಾಡಲಿಕ್ಕೆ ಅಂತ ಹೊರಟರೆ ಮನೆಯೇ ಪರೀಕ್ಷಾ ಕೋಣೆ ಆಗಿಬಿಡುತ್ತದೆ. ನಾನು ನೋಡಿದ್ದೇನೆ, ಬೆಳಿಗ್ಗೆಯಿಂದ ರಾತ್ರಿವರೆಗೆ ‘ಇದೇನು ಹೇಳು, ಅದೇನು ಹೇಳು’, ಕೈ ಆಡಿಸಿದರೆ ಕೈಗೆ ಪೆಟ್ಟು. ಕೈ ಆಡಿಸಿದರೆ ಆಡಿಸಲಿ, ಅದರಿಂದ ಅವನಿಗೆ ಸಮಾಧಾನ ಸಿಗುತ್ತದೆ. ತನಗೆ ಬೇಕಾದದ್ದನ್ನು ಹೇಳಲಿಕ್ಕೆ ಒಂದು ದಾರಿ ಬೇಕು, ನಿದ್ದೆ ಸರಿಯಾಗಬೇಕು, ಊಟದ ಜಗಳ ಕಮ್ಮಿಯಾಗಬೇಕು. ಮಾತೇ ಆಗಬೇಕು ಅಂತಲೂ ಇಲ್ಲ. ಚಿತ್ರದ ಕಾರ್ಡು, ಸನ್ನೆ, ಟ್ಯಾಬ್, ಯಾವುದಾದರೂ ಆದೀತು. ಕಾರ್ಡು ಕೊಟ್ಟರೆ ಮಾತು ಬರುವುದಿಲ್ಲ ಅಂತ ಹೆದರುತ್ತಾರೆ, ಹಾಗೇನೂ ಆಗುವುದಿಲ್ಲ.

ಪುತ್ತೂರಿನ ತಾಯಿ
ಎಲ್ಲರೂ ಬೇಗ ಬೇಗ ಅನ್ನುವಾಗ ನನ್ನಂಥವರ ಎದೆ ಒಡೆಯುತ್ತದೆ. ನನ್ನ ಮಗಳಿಗೆ ಗೊತ್ತಾದದ್ದು ಎಂಟು ವರ್ಷಕ್ಕೆ. ಮಾತು ಇತ್ತು, ಮಾರ್ಕು ಬರುತ್ತಿತ್ತು, ‘ನಾಚಿಕೆ ಸ್ವಭಾವ’ ಅಂತ ಎಲ್ಲರೂ ಹೇಳುತ್ತಿದ್ದರು. ಹೆಣ್ಣು ಮಕ್ಕಳಲ್ಲಿ ಹೀಗೆ ಗೊತ್ತಾಗದೇ ಹೋಗುವುದು ಜಾಸ್ತಿಯಂತೆ. ಈಗ ನಮಗೆ ಬಸ್ಸು ತಪ್ಪಿತಾ?

ವಿಶೇಷ ಶಿಕ್ಷಕಿ, ಮಂಗಳೂರು
ಇಲ್ಲ ಅಕ್ಕ. ಬೇಗ ಆದರೆ ಸುಲಭ, ತಡವಾದರೂ ಕಲಿಯುತ್ತಾರೆ. ಹತ್ತು ದಾಟಿದ ಮೇಲೆ ಕಾರ್ಡಿನಲ್ಲಿ ಮೊದಲ ಬಾರಿ ‘ನೀರು ಬೇಕು’ ಅಂತ ಕೇಳಿದ ಮಗು ನನ್ನ ಕ್ಲಾಸಿನಲ್ಲೇ ಇದೆ. ನಿಮ್ಮ ಮಗಳಿಗೆ ಈಗ ಬೇಕಾದದ್ದು ಬೇರೆ. ಸ್ನೇಹ ಹೇಗೆ ಮಾಡುವುದು, ಗಲಾಟೆಯಲ್ಲಿ ಏನು ಮಾಡುವುದು, ಯಾರಾದರೂ ಛೇಡಿಸಿದರೆ ಯಾರಿಗೆ ಹೇಳುವುದು. ಅದನ್ನು ಈಗಲೇ ಹೇಳಿಕೊಡಬಹುದು.

ಕದ್ರಿಯ ಮಾವ
ಎಲ್ಲ ಎರಡೆರಡು ಸಲ ಓದಿದೆ. ಈಗ ನನ್ನ ಕಷ್ಟ ತಂಗಿಗೆ ಹೇಗೆ ಹೇಳುವುದು ಅನ್ನುವುದು. ‘ನನ್ನ ಮಗನಿಗೆ ಏನೋ ಆಗಿದೆ ಅಂತೀಯಾ’ ಅಂತ ಅವಳು ಮುನಿಸಿಕೊಂಡರೆ?

ಬಂಟ್ವಾಳದ ಅಮ್ಮ
ಆಟಿಸಂ ಅನ್ನುವ ಮಾತೇ ಎತ್ತಬೇಡಿ. ‘ಕಿವಿ ಒಮ್ಮೆ ತೋರಿಸಿಕೊಂಡು ಬರುವ, ನಾನು ಕಾರು ತರುತ್ತೇನೆ’ ಅಂತ ಹೇಳಿ. ನಿಜವೂ ಅದೇ, ಮೊದಲ ಹೆಜ್ಜೆ ಕಿವಿಯೇ. ಅತ್ತೆಯನ್ನೂ ಜೊತೆಗೆ ಕರೆದುಕೊಂಡು ಹೋಗಿ. ಬಿಟ್ಟು ಹೋದರೆ ಆಮೇಲೆ ಮನೆಯಲ್ಲಿ ಅವರೇ ಬೇಡ ಅಂತಾರೆ. ಡಾಕ್ಟರ ಬಾಯಿಂದ ಅವರೇ ಕೇಳಲಿ. ಹರಕೆ ಬಗ್ಗೆ ಏನೂ ಹೇಳಬೇಡಿ. ದೇವರಿಗೂ ಹೋಗಲಿ, ಥೆರಪಿಗೂ ಹೋಗಲಿ.

ಮಕ್ಕಳ ಡಾಕ್ಟರ್ (ನಿವೃತ್ತ), ಉಡುಪಿ
ಸರಿಯಾದ ಮಾತು. ಬಜೆ ಮಾತ್ರ ಸದ್ಯಕ್ಕೆ ನಿಲ್ಲಿಸಲಿ.

ಕದ್ರಿಯ ಮಾವ
ಮಾತಾಡಿದೆ. ತಂಗಿ ಮುನಿಸಿಕೊಳ್ಳಲಿಲ್ಲ. ‘ಅಣ್ಣ, ನನಗೂ ಹಾಗೇ ಅನಿಸುತ್ತಿತ್ತು, ಯಾರ ಹತ್ತಿರ ಹೇಳಲಿ’ ಅಂದಳು. ಭಾವನ ಜೊತೆ ವಿಡಿಯೋ ಕಾಲಿನಲ್ಲಿ ಮಾತಾಯಿತು, ಅವರೂ ಒಪ್ಪಿದರು. ಅತ್ತೆಯೂ ಬರುತ್ತಾರೆ. ಗುರುವಾರಕ್ಕೆ ಕಿವಿ ಪರೀಕ್ಷೆ. ಹೋಗುವಾಗ ಏನೇನು ಹಿಡಿದುಕೊಳ್ಳಬೇಕು?

ಸ್ಪೀಚ್ ಥೆರಪಿಸ್ಟ್, ಮಣಿಪಾಲ
ತಾಯಿ ಕಾರ್ಡು, ಹುಟ್ಟಿದಾಗಿನ ಡಿಸ್ಚಾರ್ಜ್ ಕಾಗದ. ಹಿಂದೆ ‘ಅಮ್ಮ’, ‘ಚಾ’ ಹೇಳುತ್ತಿದ್ದಾಗಿನ ವಿಡಿಯೋ ಇದ್ದರೆ ಖಂಡಿತ ಬೇಕು. ಈಗ ಮುಚ್ಚಳ ತಿರುಗಿಸುವುದು, ಕೈ ಎಳೆಯುವುದು, ಒಬ್ಬನೇ ಆಡುವುದು, ಇದರದ್ದು ಚಿಕ್ಕ ಚಿಕ್ಕ ವಿಡಿಯೋ. ಆಸ್ಪತ್ರೆಯಲ್ಲಿ ಮಕ್ಕಳು ಮನೆಯ ಹಾಗೆ ಇರುವುದಿಲ್ಲ. ಬೆರಾ ಇದ್ದರೆ ಬೆಳಿಗ್ಗೆ ಬೇಗ ಎಬ್ಬಿಸಿ, ಕಾರಿನಲ್ಲಿ ಮಲಗಲಿಕ್ಕೆ ಬಿಡಬೇಡಿ.

ಸುರತ್ಕಲ್ ಲಾಯರ್
ಮುಂದೆ ಆಟಿಸಂ ಅಂತ ಆದರೆ ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಿ. ಅದಾದ ಮೇಲೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಮಾಡಿಸಬಹುದು. ವರ್ಷಕ್ಕೆ ಒಂದು ಲಕ್ಷದವರೆಗೆ, ಅದರಲ್ಲಿ ಥೆರಪಿಯ ಖರ್ಚೂ ಸೇರುತ್ತದೆ.

ಕುಂದಾಪ್ರದ ಅಪ್ಪ
ನಿರಾಮಯಕ್ಕೆ ಮೊದಲು ಮೆಡಿಕಲ್ ಟೆಸ್ಟ್ ಇದೆಯಾ?

ಸುರತ್ಕಲ್ ಲಾಯರ್
ಇಲ್ಲ. ಅಂಗವೈಕಲ್ಯದ ಸರ್ಟಿಫಿಕೇಟ್ ಇದ್ದರೆ ಸಾಕು. ಆದಾಯ ತೆರಿಗೆ ಕಟ್ಟುವವರಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ತೆರಿಗೆಯ ಆದಾಯದಿಂದ 75,000 ರೂಪಾಯಿ ಕಡಿತವೂ ಇದೆ, ಅಂಗವೈಕಲ್ಯ ತೀವ್ರ ಇದ್ದರೆ 1,25,000.